ಪದಚರ್ಚೆ: ಬಿಪಿ ‘ಕಂಟ್ರೋಲ್’ಗೆ ‘ನಿಯಂತ್ರಣ’ ಸಾಕೆ?

ಪ್ರಶ್ನೆ: ಹಳ್ಳಿ ಮತ್ತು ನಗರಗಳಲ್ಲಿ ಅಧಿಕ ರಕ್ತದೊತ್ತಡದ ಸ್ಥಿತಿ ಕುರಿತ ಸಮೀಕ್ಷೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅವೇರ್‌ನೆಸ್, ಟ್ರೀಟ್‌ಮೆಂಟ್, ಕಂಟ್ರೋಲ್’ ಕಾಲಂಗಳಿಗೆ ‘ಜಾಗೃತಿ, ಚಿಕಿತ್ಸೆ, ನಿಯಂತ್ರಣ’ ಎಂದು ಹಾಕಿದ್ದೇನೆ. ಅರ್ಥ ಕೆಡುತ್ತದೆಯೇ? ‘ಕಫ್ ಬ್ಲ್ಯಾಡರ್’ಗೆ ಏನನ್ನಲಿ?

ಉತ್ತರ: ‘ಚಿಕಿತ್ಸೆ’ ಇರಲಿ, ‘ಜಾಗೃತಿ’ ಬೇಡ. ಬಿಪಿ ಇರುವವರಲ್ಲಿ ಎಷ್ಟು ಮಂದಿಗೆ ಡಾಕ್ಟರೋ ನರ್ಸೋ ಅದನ್ನು ಮೊದಲೇ ಹೇಳಿದ್ದರು ಎಂಬುದಷ್ಟೇ ಆ ಕಾಲಂನ ಲೆಕ್ಕ. ‘ತಮಗೆ ಬಿಪಿ ಇದೆಯೆಂದು ಗೊತ್ತಿದ್ದವರು’ ಎಂದು ಬರೆದುಬಿಡಿ, ಉದ್ದವಾದರೂ ಚಿಂತೆಯಿಲ್ಲ.

‘ಕಂಟ್ರೋಲ್’ ಎಂದರೆ ಸಾಮಾನ್ಯವಾಗಿ ಔಷಧ ತೆಗೆದುಕೊಳ್ಳುತ್ತಿರುವವರ ಒತ್ತಡ 140/90ಕ್ಕಿಂತ ಕೆಳಗಿರುವುದು. ಎರಡು ಅಂಕಿಯೂ ಇಳಿದಿರಬೇಕು. 136/94 ಬಂದರೆ ಲೆಕ್ಕಕ್ಕಿಲ್ಲ. ಇದನ್ನು ‘ನಾರ್ಮಲ್ ಆಗಿದೆ’ ಎಂದು ಮಾತ್ರ ಬರೆಯಬೇಡಿ. ಓದುವವರ ಕಿವಿಗೆ ಅದು ‘ವಾಸಿಯಾಯಿತು’ ಎಂದೇ ಬೀಳುತ್ತದೆ, ಮಾತ್ರೆ ನಿಲ್ಲಿಸುವುದೂ ಆಗಲೇ. ನಿಲ್ಲಿಸಿದ ಮೇಲೆ ಬಹುತೇಕರಲ್ಲಿ ಒತ್ತಡ ಮತ್ತೆ ಏರುತ್ತದೆ, ತಲೆನೋವಿನಷ್ಟು ಸುಳಿವನ್ನೂ ಕೊಡದೆ. ‘ನಿಯಂತ್ರಣ’ ತಪ್ಪೇನಲ್ಲ, ಆದರೆ ನನ್ನ ಒಲವು ‘ಹತೋಟಿ’ಯ ಕಡೆಗೆ. ‘ಹತೋಟಿ ತಪ್ಪಿತು’ ಎಂಬ ಮಾತು ಬಳಕೆಯಲ್ಲಿರುವುದರಿಂದ, ಹಿಡಿತ ಬಿಟ್ಟರೆ ಕೈಮೀರುತ್ತದೆ ಎಂಬ ಎಚ್ಚರ ಪದದೊಳಗೇ ಇದೆ.

ಪದ ಯಾವುದಾದರೂ ಆಗಲಿ, ಶೇಕಡಾ ಯಾರ ಮೇಲಿನದು ಎಂಬುದು ವಾಕ್ಯದಲ್ಲೇ ಬರಬೇಕು. ಬಿಪಿ ಇರುವವರು 200, ಮಾತ್ರೆ ನುಂಗುವವರು 80, ಅವರಲ್ಲಿ ಹತೋಟಿಗೆ ಬಂದವರು 40 ಎಂದುಕೊಳ್ಳಿ. ‘ಚಿಕಿತ್ಸೆಯಲ್ಲಿರುವವರ ಪೈಕಿ’ ಎಂದರೆ ಶೇ. 50, ‘ಬಿಪಿ ಇರುವ ಎಲ್ಲರ ಪೈಕಿ’ ಎಂದರೆ ಶೇ. 20. ಹಳ್ಳಿಗೆ ಒಂದು ಲೆಕ್ಕ, ನಗರಕ್ಕೆ ಇನ್ನೊಂದು ಸೇರಿಕೊಂಡರೆ ಹೋಲಿಕೆಯೇ ಸುಳ್ಳಾಗುತ್ತದೆ. ಪತ್ತೆಯೇ ಆಗದವರು ಹೆಚ್ಚಿರುವ ಕಡೆ ಮೊದಲ ಲೆಕ್ಕ ಸುಮ್ಮಸುಮ್ಮನೆ ಚೆನ್ನಾಗಿ ಕಾಣುತ್ತದೆ.

‘ಕಫ್’ ಎಂದಿಟ್ಟರೆ ಕೆಮ್ಮಿನ ಕಫ ನೆನಪಾಗುತ್ತದೆ, ‘ತೋಳುಪಟ್ಟಿ’ ಎನ್ನಿ. ‘ಬ್ಲ್ಯಾಡರ್’ ಬಗ್ಗೆ ಹುಷಾರು, ಅಳತೆಯ ಸೂಚನೆಗಳಲ್ಲಿ ಅದು ಎರಡು ಅರ್ಥದಲ್ಲಿ ಬರುತ್ತದೆ. ಅಳೆಯುವ ಮೊದಲು ಖಾಲಿಯಾಗಿರಬೇಕಾದದ್ದು ಮೂತ್ರಕೋಶ. ತುಂಬಿದ್ದರೆ ಅಂಕಿ ಏರುತ್ತದೆ. ತೋಳಿನ ಸುತ್ತಳತೆಯ ಸುಮಾರು ಶೇ. 80ರಷ್ಟನ್ನು ಸುತ್ತಬೇಕಾದದ್ದು ಪಟ್ಟಿಯೊಳಗಿನ ಗಾಳಿಚೀಲ. ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.