ತೋಟದಲ್ಲಿ ಸಿಕ್ಕ ತಾಮ್ರದ ನಾಣ್ಯವನ್ನು ಹೇಗೆ ಗುರುತಿಸಿ, ಹೇಗೆ ತೊಳೆಯಬೇಕು?

ಪ್ರಶ್ನೆ (ಮಾಜಾಳಿ, ಕಾರವಾರ):
ನಮ್ಮ ತೆಂಗಿನ ತೋಟದಲ್ಲಿ ಲೋಹಶೋಧಕ ಹಿಡಿದು ಹುಡುಕುವಾಗ, ಗೇಣು ಆಳದಲ್ಲಿ ಹಸಿರು ಕಿಲುಬು ಹಿಡಿದ ತಾಮ್ರದ ನಾಣ್ಯವೊಂದು ಸಿಕ್ಕಿದೆ. ಕಿರೀಟ ಧರಿಸಿದ ಮಹಿಳೆಯ ಮುಖ ಮಸುಕಾಗಿ ಕಾಣುತ್ತದೆ. ಹುಣಸೆಹಣ್ಣಿನಿಂದ ತಿಕ್ಕಬಹುದೇ?

ಉತ್ತರ (ಶಿರಸಿ):
ದಯವಿಟ್ಟು ಬೇಡ, ಹುಳಿಯು ಕಿಲುಬಿನೊಂದಿಗೆ ಅಕ್ಷರಗಳ ಅಂಚನ್ನೂ ತಿನ್ನುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಕೆಲವು ದಿನ ನೆನೆಸಿ, ದಿನವೂ ನೀರು ಬದಲಿಸುತ್ತಾ, ಮೆತ್ತಗಾದ ಮಣ್ಣನ್ನು ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಗಟ್ಟಿಯಾದ, ನಯವಾದ ಹಸಿರು ಪದರ ನಾಣ್ಯವನ್ನು ಕಾಯುತ್ತದೆ, ಅದು ಹಾಗೆಯೇ ಇರಲಿ. ಪುಡಿಯಾಗಿ ಉದುರುವ ತಿಳಿಹಸಿರು ಕಲೆ ಮಾತ್ರ ಉಪ್ಪಿನಿಂದಾದ ರೋಗ, ಅಂದರೆ ಲೋಹವನ್ನು ತಿನ್ನುತ್ತಾ ಹೋಗುವ ಕಿಲುಬು.

ಉತ್ತರ (ಕುಮಟಾ):
ಸುಮಾರು 25 ಮಿ.ಮೀ. ಅಗಲವಿದ್ದರೆ, ಬ್ರಿಟಿಷರ ಕಾಲದ, ರಾಣಿ ವಿಕ್ಟೋರಿಯಾ ಮುಖವಿರುವ ಕಾಲಾಣೆ (ಒಂದು ಆಣೆಯ ಕಾಲು ಭಾಗ) ಇರಬಹುದು. 1876ರವರೆಗಿನ ನಾಣ್ಯದಲ್ಲಿ ‘ವಿಕ್ಟೋರಿಯಾ ಕ್ವೀನ್’, 1877ರಿಂದ ‘ವಿಕ್ಟೋರಿಯಾ ಎಂಪ್ರೆಸ್’ ಎಂದಿರುತ್ತದೆ. ಇನ್ನಷ್ಟು ನಾಣ್ಯಗಳು ಸಿಕ್ಕರೆ ಅಗೆಯುವುದನ್ನು ನಿಲ್ಲಿಸಿ, ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಿ.