ಅಪ್‌ಡೇಟ್: ನಮ್ಮ ನಾಯಿ ಕೆಂಚನ ಮೂಗಿನ ರಕ್ತ ನಿಂತಿದೆ

ಚಿಕ್ಕಬಳ್ಳಾಪುರದಿಂದ ಕೇಳಿದ್ದೆನಲ್ಲ, ನಮ್ಮ ಕೆಂಚನಿಗೆ ಒಂದೇ ಹೊಳ್ಳೆಯಿಂದ ಕೀವು, ರಕ್ತ ಸುರಿಯುತ್ತೆ, ಆಂಟಿಬಯಾಟಿಕ್‌ಗೂ ಬಗ್ಗುತ್ತಿಲ್ಲ ಅಂತ. ಬೆಂಗಳೂರಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿ, ಮೂಗಿನೊಳಗೆ ಕ್ಯಾಮೆರಾ ಹಾಕಿ ನೋಡಿದರು. ಆಸ್ಪರ್ಜಿಲಸ್ ಶಿಲೀಂಧ್ರ! ಒಳಗೆಲ್ಲ ಬಿಳಿ ಬೂಷ್ಟು. ಹೊಳ್ಳೆಯ ಅಂಚಿನ ಕಪ್ಪು ಹೋಗಿ ಗುಲಾಬಿಯಾಗಿದ್ದೂ ಅದರಿಂದಲೇ.

ಮೂಗು, ಮೆದುಳಿನ ನಡುವಿನ ಮೂಳೆ ತೂತಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅರಿವಳಿಕೆ ಕೊಟ್ಟು, ಬೂಷ್ಟು ಕೆರೆದು ತೆಗೆದು, ಮೂಗಿನೊಳಗೆ 1% ಕ್ಲೋಟ್ರಿಮಜೋಲ್ (ಶಿಲೀಂಧ್ರ ಕೊಲ್ಲುವ ಔಷಧಿ) ದ್ರಾವಣ ತುಂಬಿ 1 ಗಂಟೆ ಬಿಟ್ಟರು. ಔಷಧಿ ಎಲ್ಲ ಕಡೆ ತಾಗಲೆಂದು ನಡುನಡುವೆ ತಲೆ ಹೊರಳಿಸಬೇಕು. ಬರೀ ಮಾತ್ರೆಗಿಂತ ಇದೇ ಚೆನ್ನಾಗಿ ಕೆಲಸ ಮಾಡುತ್ತಂತೆ.

ಈಗ ಮುದ್ದೆ ವಾಸನೆಗೇ ಓಡಿ ಬರ್ತಾನೆ, ನೋಡೋಕೆ ಎಷ್ಟು ಖುಷಿ! ಕೆಲವು ನಾಯಿಗಳಿಗೆ ಮತ್ತೊಮ್ಮೆ ಮಾಡಬೇಕಾಗುತ್ತೆ, ಹಾಗಾಗಿ ಮರುಪರೀಕ್ಷೆ ಬಾಕಿಯಿದೆ. ಸ್ಕ್ಯಾನ್ ಮಾಡಿಸಿ ಅಂತ ಒತ್ತಾಯಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.