ಪದಚರ್ಚೆ: ತ್ರಿತ್ವ, ತ್ರಯೈಕ್ಯ, ಮತ್ತು ಅದನ್ನು ಒಪ್ಪದ ಕ್ರೈಸ್ತರು

ಪ್ರಶ್ನೆ

ಗೆಳೆಯರೇ, ಧರ್ಮಗಳ ಇತಿಹಾಸದ ಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಿಸುತ್ತಿದ್ದೇನೆ. ಒಂದು ಫಲಕದ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ತಂದೆ, ಮಗ, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರು ಎಂಬ ಟ್ರಿನಿಟಿಯ ನಂಬಿಕೆ ಕ್ರೈಸ್ತರಾಗಲು ಅಗತ್ಯವೇ ಎಂಬುದು ಅಲ್ಲಿನ ಪ್ರಶ್ನೆ. ಟ್ರಿನಿಟಿಗೆ ತ್ರಿತ್ವ, ತ್ರಯೈಕ್ಯ, ತ್ರಿಯೇಕ, ತ್ರಿಮೂರ್ತಿ ಎಂಬ ರೂಪಗಳನ್ನು ಕಂಡಿದ್ದೇನೆ. ಅದನ್ನು ಒಪ್ಪದ ಯೆಹೋವನ ಸಾಕ್ಷಿಗಳು, ಯೂನಿಟೇರಿಯನ್ನರು ಮೊದಲಾದವರಿಗೆಲ್ಲ ಸೇರಿಸಿ ‘ತ್ರಿತ್ವವಿರೋಧಿಗಳು’ ಎಂದು ಬರೆದುಕೊಂಡಿದ್ದೇನೆ, ಸಮಾಧಾನವಿಲ್ಲ. ಫಲಕ ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ. ತಲೆಬರಹ ಎರಡು ಸಾಲು ಮೀರುವಂತಿಲ್ಲ.

ಉತ್ತರ 1

‘ತ್ರಿಯೇಕ’ ಅಶುದ್ಧ. ತ್ರಿ, ಏಕ ಸೇರಿದರೆ ಯಣ್ ಸಂಧಿಯಾಗಿ ‘ತ್ರ್ಯೇಕ’ ಆಗಬೇಕು. ‘ತ್ರಯ’ದಿಂದ ಹೊರಟರೆ ವೃದ್ಧಿಯಾಗಿ ‘ತ್ರಯೈಕ’. ಎರಡು ಸಂಸ್ಕೃತ ಪದಗಳ ನಡುವೆ ಕನ್ನಡದ ಯಕಾರಾಗಮವನ್ನು ತುರುಕುವುದು ಯಾವ ವ್ಯಾಕರಣ? ಮೂರರ ಐಕ್ಯ, ಆದ್ದರಿಂದ ‘ತ್ರಯೈಕ್ಯ’. ಹಾಗೇ ಬರೆಯಿರಿ. ಚರ್ಚಿಸುವುದಕ್ಕೇನೂ ಇಲ್ಲ.

ಉತ್ತರ 2

ಇದೆ. ಫಲಕವನ್ನು ಜನ ನಿಂತ ಕಾಲಿನಲ್ಲಿ ಓದುತ್ತಾರೆ. ‘ತ್ರಯೈಕ್ಯ’ವನ್ನು ಬಾಯಿಬಿಟ್ಟು ಓದಲು ಹೋದ ಮಕ್ಕಳು ಎರಡು ಕಡೆ ಎಡವುತ್ತಾರೆ. ಮೂವರು, ಮೂವತ್ತು ಇರುವ ಭಾಷೆಯಲ್ಲಿ ‘ಮೂವೊಂದು’ ಏಕಾಗಬಾರದು? ಮೂವೊಂದು ದೇವರು, ಮೂವೊಂದುತನ. ಕಿವಿಗೆ ಬಿದ್ದ ಕೂಡಲೇ ತಿಳಿಯುತ್ತದೆ. ಹೊಸ ಪದ ಬೇಕಾದಾಗಲೆಲ್ಲ ಸಂಸ್ಕೃತದ ಬಾಗಿಲು ತಟ್ಟುತ್ತಾ ಹೋದರೆ, ಪದ ಕಟ್ಟುವ ಕಸುವು ಕನ್ನಡಕ್ಕೆ ಇಲ್ಲವೆಂದು ನಾವೇ ಒಪ್ಪಿಕೊಂಡಂತೆ.

ಉತ್ತರ 1, ಮತ್ತೆ

‘ಮೂವೊಂದು’ ಮಗ್ಗಿಯಂತೆ ಕೇಳುತ್ತದೆ. ಬೇಡ.

ಉತ್ತರ 3

ಇಬ್ಬರೂ ಸಂಧಿಯ ಬಳಿಯೇ ನಿಂತುಬಿಟ್ಟಿದ್ದೀರಿ. ಈ ವಿಷಯದಲ್ಲಿ ಪದ ಒಂದಿಷ್ಟು ಓರೆಯಾದರೂ ಹಳೆಯ ವಿವಾದದ ಒಂದು ಪಕ್ಷಕ್ಕೆ ಹೋಗಿ ಸೇರುತ್ತದೆ. ‘ತ್ರಿಮೂರ್ತಿ’ಯನ್ನೇ ನೋಡಿ. ಮೂರ್ತಿ ಎಂದರೆ ರೂಪ. ದೇವರು ಒಬ್ಬನೇ, ತಂದೆ, ಮಗ, ಆತ್ಮ ಅವನು ತಾಳುವ ಮೂರು ರೂಪಗಳು ಎಂಬ ವಾದ ಮೂರನೆಯ ಶತಮಾನದ ಸಬೆಲಿಯಸನ ಹೆಸರಿನಲ್ಲಿದೆ. ಚರ್ಚು ಅದನ್ನು ತಳ್ಳಿಹಾಕಿತು. ಬ್ರಹ್ಮ, ವಿಷ್ಣು, ಮಹೇಶ್ವರರ ನೆನಪು ತರುವುದು ಬೇರೆ ತೊಡಕು. ‘ತ್ರಿದೇವ’ ಎಂದರೆ ಮೂರು ದೇವರಾದರು. ಟ್ರಿನಿಟಿಯನ್ನು ನಂಬುವವರು ಮೊದಲು ಅಲ್ಲಗಳೆಯುವುದೇ ಅದನ್ನು.

‘ತ್ರಿತ್ವ’ದಲ್ಲಿ ಮೂರು ಇದೆ, ಒಂದು ಇಲ್ಲ ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಮೂಲದಲ್ಲೂ ಇಲ್ಲ. ಎರಡನೆಯ ಶತಮಾನದಲ್ಲಿ ಅಂತಿಯೋಕ್ಯದ ಬಿಷಪ್ ಥಿಯೋಫಿಲಸ್ ಗ್ರೀಕಿನಲ್ಲಿ ‘ಟ್ರಿಯಾಸ್’ ಎಂದ, ಅಂದರೆ ಮೂರರ ಗುಂಪು. ಆಮೇಲೆ ಕ್ರೈಸ್ತ ಲೇಖಕ ಟೆರ್ಟುಲಿಯನ್ ಲ್ಯಾಟಿನ್ನಿನಲ್ಲಿ ‘ಟ್ರಿನಿಟಾಸ್’ ಎಂದ. ಐಕ್ಯವನ್ನು ಪದ ಹೇಳುವುದಿಲ್ಲ, ಸಿದ್ಧಾಂತ ಹೇಳುತ್ತದೆ. ಮೂಲಕ್ಕೆ ಹತ್ತಿರ, ಬಳಕೆಯಲ್ಲಿದೆ, ಎರಡಕ್ಷರದಲ್ಲಿ ಮುಗಿಯುತ್ತದೆ. ‘ತ್ರಿತ್ವ’ ಸಾಕು.

ನಿಮ್ಮ ನಿಜವಾದ ಕಷ್ಟ ಎರಡನೆಯ ಪದದಲ್ಲಿದೆ. ‘ತ್ರಿತ್ವವಿರೋಧಿ’ ಎಂದರೆ ತ್ರಿತ್ವ ಮೊದಲು ಗಟ್ಟಿಯಾಗಿ ನಿಂತಿತ್ತು, ಇವರು ಬಂದು ಎದುರು ಬಿದ್ದರು ಎಂಬ ಅರ್ಥ ಹೊರಡುತ್ತದೆ. ಇತಿಹಾಸ ಹಾಗಿಲ್ಲ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್ಪರ ಸಭೆ, ಮಗನು ಸೃಷ್ಟಿಯಾದವನು ಎನ್ನುತ್ತಿದ್ದ ಅಲೆಕ್ಸಾಂಡ್ರಿಯದ ಅರಿಯಸನನ್ನು ಖಂಡಿಸಿ ಒಂದು ವಿಶ್ವಾಸಪ್ರಮಾಣ (ನಂಬಿಕೆಯ ಅಧಿಕೃತ ಹೇಳಿಕೆ) ಹೊರಡಿಸಿತು. ಅದರಲ್ಲಿ ಮಗನ ಬಗ್ಗೆ ಸಾಲುಸಾಲು ವಿವರಣೆ ಇದೆ. ಪವಿತ್ರಾತ್ಮನ ಬಗ್ಗೆ ಇರುವುದು ‘ಪವಿತ್ರಾತ್ಮನಲ್ಲಿಯೂ’ ಎಂಬ ಮಾತು ಮಾತ್ರ. ಅಲ್ಲಿಗೇ ಅದು ಮುಗಿದು ಶಾಪವಾಕ್ಯ ಶುರುವಾಗುತ್ತದೆ. ಆತ್ಮನ ಕುರಿತ ಭಾಗ ಬೆಳೆದು ನಿಂತದ್ದು 381ರ ಕಾನ್ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ. ಇನ್ನೂ ಹತ್ತಿರದಿಂದ ನೋಡಿ: 325ರ ಶಾಪವಾಕ್ಯ, ಮಗನು ಬೇರೆ ‘ಹೈಪೊಸ್ಟಾಸಿಸ್’ನಿಂದ (ಆಗ ಅದರ ಅರ್ಥ ಸತ್ತ್ವ) ಬಂದವನು ಎನ್ನುವವರನ್ನು ಹೊರಗೆ ಹಾಕುತ್ತದೆ. ಅದೇ ಶತಮಾನ ಮುಗಿಯುವಷ್ಟರಲ್ಲಿ ಚರ್ಚು ಒಪ್ಪಿದ ಸೂತ್ರ ‘ಒಂದು ಊಸಿಯ, ಮೂರು ಹೈಪೊಸ್ಟಾಸಿಸ್’, ಅಂದರೆ ಒಂದು ಸತ್ತ್ವ, ಮೂವರು ವ್ಯಕ್ತಿಗಳು. ನಡುವೆ ಪದದ ಅರ್ಥವೇ ಸರಿದಿತ್ತು. ಪದ ಇನ್ನೂ ನೆಲೆಗೊಳ್ಳದ ಕಾಲದವರಿಗೆ ‘ವಿರೋಧಿ’ ಎಂದು ಹಣೆಪಟ್ಟಿ ಕಟ್ಟುವುದು ಅನ್ಯಾಯ.

‘ಏಕದೇವವಾದಿಗಳು’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಕೂಡದು. ತ್ರಿತ್ವವನ್ನು ನಂಬುವವರೂ ದೇವರು ಒಬ್ಬನೇ ಎನ್ನುತ್ತಾರೆ. ಆ ಹೆಸರನ್ನು ಎದುರು ಪಕ್ಷಕ್ಕೆ ಕೊಟ್ಟರೆ ಇವರನ್ನು ಬಹುದೇವವಾದಿಗಳು ಎಂದಂತೆ.

ಉತ್ತರ 4

ಇಷ್ಟೆಲ್ಲ ಬರೆದವರು ಮುಖ್ಯ ಮಾತನ್ನೇ ಬಿಟ್ಟಿದ್ದಾರೆ. ತ್ರಿತ್ವವನ್ನು ನಿರಾಕರಿಸುವವರಿಗೆ ‘ಕ್ರೈಸ್ತ’ ಪದವನ್ನು ಕೊಡುವುದೇ ತಪ್ಪು. ‘ತಂದೆಯ ಮಗನ ಪವಿತ್ರಾತ್ಮನ ಹೆಸರಿನಲ್ಲಿ’ ದೀಕ್ಷಾಸ್ನಾನ ಮಾಡಿಸಿ ಎಂದು ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸುವೇ ಹೇಳುತ್ತಾನೆ. ಸಭೆಯ ಬಾಗಿಲೇ ಅದು. ಲ್ಯಾಟರ್ ಡೇ ಸಂತರು (ಮಾರ್ಮನ್ನರು) ಅದೇ ಹೆಸರುಗಳನ್ನು ಉಚ್ಚರಿಸಿ ಸ್ನಾನ ಮಾಡಿಸಿದರೂ ಅದು ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ತೀರ್ಪು ಕೊಟ್ಟಿತು; ಶಬ್ದ ಒಂದೇ ಆದರೂ ಅದರ ಹಿಂದಿನ ನಂಬಿಕೆ ಬೇರೆ. ಫಲಕದಲ್ಲಿ ‘ತ್ರಿತ್ವವನ್ನು ಒಪ್ಪದ ಪಂಥಗಳು’ ಎನ್ನಿ. ಕ್ರೈಸ್ತ ಎನ್ನಬೇಡಿ. ನಂಬಿದವರಿಗೆ ಇದು ಬರಿಯ ಪದದ ವಿಷಯವಲ್ಲ.

ಉತ್ತರ 5

ಪದಕ್ಕೇ ಬನ್ನಿ. ಶಿವನಿಂದ ಶೈವ, ವಿಷ್ಣುವಿನಿಂದ ವೈಷ್ಣವ, ಕ್ರಿಸ್ತನಿಂದ ಕ್ರೈಸ್ತ. ಆದಿವೃದ್ಧಿ ಹೇಳುವುದು ಸಂಬಂಧವನ್ನು ಮಾತ್ರ. ಕ್ರಿಸ್ತನಿಗೆ ಸೇರಿದವನು ಕ್ರೈಸ್ತ. ಗ್ರೀಕಿನಲ್ಲೂ ಹಾಗೆಯೇ: ಶಿಷ್ಯರಿಗೆ ಆ ಹೆಸರು ಮೊದಲು ಬಿದ್ದದ್ದು ಅಂತಿಯೋಕ್ಯದಲ್ಲಿ ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ, ಪ್ರತ್ಯಯ ಲ್ಯಾಟಿನ್ನಿನದು, ಅರ್ಥ ‘ಕ್ರಿಸ್ತನ ಕಡೆಯವರು’. ಆಗ ನಿಕೇಯವೂ ಇಲ್ಲ, ಟೆರ್ಟುಲಿಯನನೂ ಇಲ್ಲ. ತದ್ಧಿತದಲ್ಲಿ ಇಲ್ಲದ ಷರತ್ತನ್ನು ಪದಕ್ಕೆ ಹೇರಬೇಡಿ. ಪ್ರಶ್ನೆ ಮುಗಿಯಿತು.

ಉತ್ತರ 2, ಮತ್ತೆ

ನೋಡಿ, ಲ್ಯಾಟಿನ್ನಿನಿಂದ ಗ್ರೀಕಿಗೆ, ಗ್ರೀಕಿನಿಂದ ಎಲ್ಲೆಡೆಗೆ. ಅವರೆಲ್ಲ ಎರವಲು ತಂದರೂ ತಮ್ಮ ಬಾಯಿಗೆ ತಕ್ಕಂತೆ ತಿದ್ದಿಕೊಂಡರು. ನಾವು ಮಾತ್ರ ಸಂಸ್ಕೃತದ ವೃದ್ಧಿಯನ್ನೂ ಯಣ್ಣನ್ನೂ ಹೊತ್ತು ತಿರುಗಬೇಕೇ? ಟೆರ್ಟುಲಿಯನ್ ‘ಟ್ರಿಯಾಸ್’ ಎಂಬ ಗ್ರೀಕ್ ಪದವನ್ನೇ ಇಟ್ಟುಕೊಳ್ಳದೆ ತನ್ನ ನುಡಿಯ ಬೇರಿನಿಂದ ‘ಟ್ರಿನಿಟಾಸ್’ ಎಂದನಲ್ಲ, ನಾನು ಕೇಳುತ್ತಿರುವುದೂ ಅದನ್ನೇ.

ಉತ್ತರ 3, ಮತ್ತೆ

ಹೊಸ ಪದ ಕಟ್ಟಬಹುದು, ತಕರಾರಿಲ್ಲ. ಆದರೆ ನಾಳೆ ಸಂಜೆ ಮುದ್ರಣವಾಗುವ ಫಲಕ ಅದಕ್ಕೆ ಜಾಗವಲ್ಲ. ನಿಕೇಯದಲ್ಲೂ ಜಗಳ ಹತ್ತಿದ್ದು ಇಂಥದ್ದಕ್ಕೇ: ‘ಹೋಮೊಊಸಿಯೊಸ್’ (ಒಂದೇ ಸತ್ತ್ವದ) ಎಂಬ ಪದ ಬೈಬಲಿನಲ್ಲಿಲ್ಲ, ತತ್ತ್ವಶಾಸ್ತ್ರದ ಪದವನ್ನು ಪ್ರಮಾಣದೊಳಗೆ ತಂದಿರೇಕೆ ಎಂದು ಹಲವರು ಸಿಟ್ಟಾದರು. ‘ಟ್ರಿನಿಟಿ’ಯೂ ಬೈಬಲಿನ ಪದವಲ್ಲ. ಮೂವರೂ ಒಂದೇ ಎಂದು ನೇರವಾಗಿ ಹೇಳುವ ಸಾಲೊಂದು ಯೋಹಾನನ ಮೊದಲ ಪತ್ರದಲ್ಲಿ ಇತ್ತಲ್ಲ ಎನ್ನುವವರಿಗೆ: ಅದು ಲ್ಯಾಟಿನ್ ಪ್ರತಿಗಳ ಕಡೆಯಿಂದ ಆಮೇಲೆ ಸೇರಿದ್ದು. ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿದ್ವಾಂಸ ಎರಾಸ್ಮಸ್ 1516, 1519ರ ಗ್ರೀಕ್ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ, ಒತ್ತಡ ಬಂದ ಮೇಲೆ 1522ರಲ್ಲಿ ಸೇರಿಸಿದ.

ಉತ್ತರ 5ಕ್ಕೆ: ವ್ಯುತ್ಪತ್ತಿಯಿಂದ ಸದಸ್ಯತ್ವ ತೀರ್ಮಾನವಾಗುವುದಿಲ್ಲ. ಉತ್ತರ 4ಕ್ಕೆ: ನಿಮ್ಮ ಕಳಕಳಿ ನ್ಯಾಯವಾದದ್ದು, ಆದರೆ ‘ಅಗತ್ಯ’ ಎಂಬ ಪದಕ್ಕೆ ಚತುರ್ಥಿ ಬೇಕು. ಯಾವುದಕ್ಕೆ ಅಗತ್ಯ? ರಕ್ಷಣೆಗೆ ಅಗತ್ಯ ಎಂದು ಅತನಾಸಿಯಸನ ಹೆಸರಿನಲ್ಲಿರುವ ವಿಶ್ವಾಸಪ್ರಮಾಣ (ಅವನು ಬರೆದದ್ದಲ್ಲ) ಮೊದಲ ವಾಕ್ಯದಲ್ಲೇ ಹೇಳುತ್ತದೆ. ಸದಸ್ಯತ್ವಕ್ಕೆ? ಚರ್ಚುಗಳ ವಿಶ್ವಮಂಡಳಿ 1948ರಲ್ಲಿ ಹುಟ್ಟಿದಾಗ ಅದರ ಆಧಾರವಾಕ್ಯದಲ್ಲಿ ಯೇಸು ಕ್ರಿಸ್ತನು ದೇವರು, ರಕ್ಷಕ ಎಂಬ ಮಾತಷ್ಟೇ ಇತ್ತು. ತಂದೆ, ಮಗ, ಪವಿತ್ರಾತ್ಮ ಎಂಬುದನ್ನು ಸೇರಿಸಿದ್ದು 1961ರಲ್ಲಿ. ಹೆಸರಿಗೆ ಅಗತ್ಯವೇ ಎಂಬುದು ಮೂರನೆಯ ಪ್ರಶ್ನೆ. ತಾವು ಕ್ರಿಸ್ತನನ್ನು ಅನುಸರಿಸುವವರು ಎನ್ನುವವರನ್ನು ಪ್ರದರ್ಶನದ ಫಲಕ ಅವರದೇ ಹೆಸರಿನಿಂದ ಕರೆಯಬೇಕು. ಒಳಗೋ ಹೊರಗೋ ಎಂದು ತೀರ್ಮಾನಿಸುವುದು ಸಭೆಗಳ ಕೆಲಸ, ಫಲಕದ್ದಲ್ಲ. ಈ ಜನರೂ ಒಂದೇ ಬಗೆಯವರಲ್ಲ. ಯೆಹೋವನ ಸಾಕ್ಷಿಗಳಿಗೆ ಯೇಸು ದೇವರ ಮೊದಲ ಸೃಷ್ಟಿ. ಲ್ಯಾಟರ್ ಡೇ ಸಂತರಿಗೆ ಮೂವರು ಬೇರೆ ಬೇರೆ, ಉದ್ದೇಶ ಒಂದೇ. ಏಕತ್ವವಾದಿ ಪೆಂಟೆಕೋಸ್ಟಲರಿಗೆ ಯೇಸು ಪೂರ್ಣ ದೇವರು, ಆದರೆ ಮೂವರಿಲ್ಲ. ಇವರನ್ನೆಲ್ಲ ಹಿಡಿಯಬಲ್ಲದ್ದು ‘ತ್ರಿತ್ವವನ್ನು ಒಪ್ಪದ ಕ್ರೈಸ್ತರು’ ಎಂಬ ಬಿಡಿ ಮಾತು. ಸಮಾಸ ಮಾಡಲು ಹೋಗಬೇಡಿ.

ಕೇಳಿದವರು

ಕೃತಜ್ಞತೆಗಳು. ಹೀಗೆ ಕಳುಹಿಸುತ್ತಿದ್ದೇನೆ:

ತ್ರಿತ್ವವನ್ನು ಒಪ್ಪದವರು ಕ್ರೈಸ್ತರೇ?
ತಂದೆ, ಮಗ, ಪವಿತ್ರಾತ್ಮ ಸಮಾನ ಸತ್ತ್ವದವರೆಂಬ ನಂಬಿಕೆಯ ಸುತ್ತ ನಡೆದ ವಾದಗಳು

ಉತ್ತರ 4

ಮೊದಲ ಸಾಲು ಪ್ರಶ್ನೆಯಾಗಿಯೇ ಉಳಿದಿದೆ. ಒಪ್ಪುತ್ತೇನೆ.

ಉತ್ತರ 3

ಎರಡನೆಯ ಸಾಲನ್ನು ತಡೆಯಿರಿ. ಕನ್ನಡದ ‘ಸಮಾನ’ಕ್ಕೆ ‘ಅದೇ’ ಎಂಬ ಅರ್ಥವೂ ಇದೆ, ‘ಅದರಂಥದೇ’ ಎಂಬ ಅರ್ಥವೂ ಇದೆ. ನಾಲ್ಕನೆಯ ಶತಮಾನದ ಜಗಳ ನಿಂತಿದ್ದೇ ಆ ವ್ಯತ್ಯಾಸದ ಮೇಲೆ: ‘ಹೋಮೊಊಸಿಯೊಸ್’ ಎಂದರೆ ಒಂದೇ ಸತ್ತ್ವ, ‘ಹೋಮಿಯೊಊಸಿಯೊಸ್’ ಎಂದರೆ ಹೋಲುವ ಸತ್ತ್ವ, ಗ್ರೀಕಿನಲ್ಲಿ ಒಂದಕ್ಷರದ ಅಂತರ. ‘ಒಂದೇ ಸತ್ತ್ವದವರೆಂಬ’ ಎಂದು ತಿದ್ದಿ ಕಳುಹಿಸಿ.